ವಿದೇಶಿ ವ್ಯಾಲ್ಯೂ ಫಂಡ್‌ಗೆ ಹಣ ಹಾಕುವ ಮುಂಚೆ: ಕಾಫಿ ಸೀಮೆಯವರಿಗೊಂದು ಮಾರ್ಗದರ್ಶಿ

ಕಾಫಿ ಮಾರಿದ ದುಡ್ಡು ಕೈಗೆ ಬರುವ ಫೆಬ್ರವರಿ, ಮಾರ್ಚ್ ಹೊತ್ತಿಗೆ ಸಕಲೇಶಪುರ, ಬೇಲೂರು, ಮೂಡಿಗೆರೆ, ಕೊಪ್ಪ ಕಡೆಯವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ವಿದೇಶಿ ಷೇರುಗಳ ವ್ಯಾಲ್ಯೂ ಫಂಡ್ ಅಂತ ಒಂದಿದೆಯಂತೆ, ಹೋದ ವರ್ಷ ಚೆನ್ನಾಗಿ ಬಂದಿದೆಯಂತೆ, ಹಾಕಬಹುದಾ?" ಹಾಕಿ ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳಲು ನನಗೆ ಇಷ್ಟವಿಲ್ಲ. ಫಂಡನ್ನು ನೀವೇ ನೋಡಿ ತೂಗುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಒಂದು ಭಾನುವಾರ ಮಧ್ಯಾಹ್ನ ಕೂತರೆ ಮುಗಿಯುವ ಕೆಲಸ ಇದು.

ಮೊದಲು ಎರಡು ಪದ. ವ್ಯಾಲ್ಯೂ ಷೇರು ಅಂದರೆ ಕಂಪನಿಯ ಲಾಭ, ಆಸ್ತಿ, ಡಿವಿಡೆಂಡ್ (ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು) ಲೆಕ್ಕ ಹಾಕಿದರೆ ಇಷ್ಟು ಬೆಲೆ ಬಾಳಬೇಕು, ಆದರೆ ಮಾರುಕಟ್ಟೆಯಲ್ಲಿ ಅದಕ್ಕಿಂತ ಕಮ್ಮಿಗೆ ಸಿಗುತ್ತಿದೆ ಅನ್ನುವ ಷೇರು. ಅಮೆರಿಕದ ಬೆಂಜಮಿನ್ ಗ್ರಹಾಂ 1930ರ ದಶಕದಲ್ಲೇ ಕಲಿಸಿಕೊಟ್ಟ ದಾರಿ ಇದು. ಇದಕ್ಕೆ ಎದುರಾಗಿ ನಿಲ್ಲುವುದು ಗ್ರೋತ್ ಷೇರು. ಅದು ಈಗಲೇ ದುಬಾರಿ, ಆದರೆ ಮುಂದೆ ಲಾಭ ಜೋರಾಗಿ ಬೆಳೆಯುತ್ತದೆ ಎಂಬ ನಂಬಿಕೆ ಮೇಲೆ ಜನ ಕೊಳ್ಳುತ್ತಾರೆ.

ಮುಂದೆ ಇಟ್ಟುಕೊಳ್ಳಬೇಕಾದದ್ದು: ಫಂಡ್‌ನ ಈ ತಿಂಗಳ ಫ್ಯಾಕ್ಟ್‌ಶೀಟ್ (ಫಂಡ್ ಯಾವ ಷೇರು ಇಟ್ಟುಕೊಂಡಿದೆ, ಹೇಗೆ ನಡೆದಿದೆ ಅಂತ ತಿಳಿಸುವ ಮಾಹಿತಿ ಪತ್ರ), ಯೋಜನೆಯ ನಿಯಮ ಪತ್ರ (ಎಸ್‌ಐಡಿ ಅನ್ನುತ್ತಾರೆ), ಒಂದು ಕ್ಯಾಲ್ಕುಲೇಟರ್, ಒಂದು ನೋಟ್‌ಬುಕ್. ಎರಡೂ ಕಾಗದ ಫಂಡ್ ಕಂಪನಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ.

1. ಫಂಡ್ ನೋಡುವ ಮೊದಲು ನಿಮ್ಮ ಆದಾಯ ನೋಡಿ

ಇದನ್ನು ಯಾವ ಏಜೆಂಟರೂ ಕೇಳುವುದಿಲ್ಲ, ಆದರೆ ನಮ್ಮ ಕಡೆಯವರಿಗೆ ಇದೇ ದೊಡ್ಡ ಪ್ರಶ್ನೆ. ವಿದೇಶಿ ಫಂಡ್ ಯಾಕೆ ಬೇಕು ಅಂದರೆ ಹೆಚ್ಚಿನವರು ಹೇಳುವುದು "ಡಾಲರ್ ಮೇಲೆ ಹೋದರೆ ನಮಗೂ ಲಾಭ" ಅಂತ. ಕಾಫಿ ಬೆಳೆಗಾರರೇ, ನಿಮಗೆ ಆ ಲಾಭ ಈಗಾಗಲೇ ಇದೆ. ಅರೇಬಿಕಾ ದರ ನ್ಯೂಯಾರ್ಕ್ ನೋಡಿಕೊಂಡು, ರೋಬಸ್ಟಾ ದರ ಲಂಡನ್ ನೋಡಿಕೊಂಡು ನಡೆಯುತ್ತದೆ. ಎರಡೂ ಕಡೆ ವ್ಯಾಪಾರ ಡಾಲರಿನಲ್ಲಿ. ದೇಶದ ಕಾಫಿಯಲ್ಲಿ ದೊಡ್ಡ ಪಾಲು ರಫ್ತಾಗುತ್ತದೆ. ಅಂದರೆ ನಿಮ್ಮ ಚೆರಿ, ಪಾರ್ಚ್‌ಮೆಂಟ್ ಮೂಟೆಯೊಳಗೆ ಡಾಲರ್ ಕೂತೇ ಇದೆ. ಬರೀ ಡಾಲರಿಗೋಸ್ಕರ ವಿದೇಶಿ ಫಂಡ್ ಕೊಂಡರೆ ಇರುವುದನ್ನೇ ಇನ್ನೊಂದು ಸಲ ಕೊಂಡ ಹಾಗೆ. ನಿಮಗೆ ಹೊಸದಾಗಿ ಸಿಗುವುದು ಬೇರೆ ಬೇರೆ ದೇಶದ, ಬೇರೆ ಬೇರೆ ವ್ಯಾಪಾರದ ಪಾಲು. ಬ್ರೆಜಿಲ್‌ನಲ್ಲಿ ಮಳೆ ಬಂತು ಅಂತ ಕಾಫಿ ದರ ಬಿದ್ದಾಗ ಜಪಾನಿನ ವಿಮಾ ಕಂಪನಿಗೆ ಏನೂ ಆಗುವುದಿಲ್ಲ, ಅಲ್ವಾ? ಆ ಕಾರಣಕ್ಕೆ ಬೇಕಾದರೆ ಕೊಳ್ಳಿ.

ಅರಸೀಕೆರೆ ಕಡೆ ತೆಂಗು ಬೆಳೆಯುವವರು, ಹಾಸನದಲ್ಲಿ ಸಂಬಳಕ್ಕೆ ದುಡಿಯುವವರು, ಮಕ್ಕಳನ್ನು ಮುಂದೆ ಹೊರದೇಶಕ್ಕೆ ಓದಲು ಕಳಿಸಬೇಕು ಅಂದುಕೊಂಡವರು, ಇವರ ಲೆಕ್ಕವೇ ಬೇರೆ. ಇವರ ಕೈಗೆ ಡಾಲರ್ ಬರುವುದಿಲ್ಲ, ಆದರೆ ಫೀಸು ಡಾಲರಿನಲ್ಲಿ ಕಟ್ಟಬೇಕಾಗಬಹುದು. ಇವರಿಗೆ ಇಂಥ ಫಂಡ್ ಜಾಸ್ತಿ ಉಪಯೋಗ.

ಎಚ್ಚರಿಕೆ: ಆಳುಗಳ ಕೂಲಿ, ಗೊಬ್ಬರ, ಮಳೆಗಾಲದ ಮುಂಚಿನ ಬೋರ್ಡೋ ಸಿಂಪಡಣೆ, ಬ್ಯಾಂಕಿನ ಬೆಳೆಸಾಲ, ಇಷ್ಟಕ್ಕೂ ಬೇಕಾದ ದುಡ್ಡನ್ನು ಮೊದಲು ಬೇರೆ ಇಡಿ. ಏಳೆಂಟು ವರ್ಷ ಮುಟ್ಟದೆ ಇರಬಹುದಾದ ಹಣ ಮಾತ್ರ ಇಲ್ಲಿಗೆ.

2. ಯಾವ ಬಾಗಿಲಿನಿಂದ ಹೋಗುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ನಮ್ಮಲ್ಲಿ ಮುಖ್ಯವಾಗಿ ಮೂರು ದಾರಿ ಇವೆ.

ಒಂದು, ಫಂಡ್ ಆಫ್ ಫಂಡ್ಸ್. ನೀವು ಇಲ್ಲಿನ ಫಂಡ್‌ಗೆ ರೂಪಾಯಿಯಲ್ಲಿ ಹಾಕುತ್ತೀರಿ, ಅದು ಹೊರದೇಶದ ಒಂದು ತಾಯಿ ಫಂಡ್‌ಗೆ ಹಾಕುತ್ತದೆ. ಮೊದಲ ಸಲದವರಿಗೆ ಇದೇ ಸುಲಭ. ಎರಡು, ಭಾರತದ ಷೇರುಗಳ ಜೊತೆ ಒಂದಷ್ಟು ವಿದೇಶಿ ಷೇರು ಇಟ್ಟುಕೊಳ್ಳುವ ಫಂಡ್. ಮೂರು, ಆರ್‌ಬಿಐನ ಎಲ್‌ಆರ್‌ಎಸ್ ಯೋಜನೆಯಲ್ಲಿ ನೀವೇ ಹಣ ಹೊರಗೆ ಕಳಿಸಿ ಅಲ್ಲಿನ ಫಂಡ್ ಅಥವಾ ಇಟಿಎಫ್ (ಷೇರುಪೇಟೆಯಲ್ಲಿ ಷೇರಿನ ಹಾಗೆ ಕೊಂಡು ಮಾರುವ ಫಂಡ್) ಕೊಳ್ಳುವುದು. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲೆ ಹೂಡಿಕೆಗೆ ಕಳಿಸುವ ಹಣಕ್ಕೆ ಶೇ. 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದು ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಕೊಂಡಿರುತ್ತದೆ. ಈ ದಾರಿಯಲ್ಲಿ ಪ್ರತಿ ವರ್ಷ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ವಿವರವನ್ನೂ ತುಂಬಬೇಕು. ಮರೆತರೆ ದಂಡ ದೊಡ್ಡದು. ಇಲ್ಲಿನ ಮ್ಯೂಚುವಲ್ ಫಂಡ್ ಯೂನಿಟ್‌ಗೆ ಆ ತಲೆನೋವಿಲ್ಲ.

ಬಾಗಿಲು ತೆರೆದಿದೆಯಾ ಅಂತಲೂ ನೋಡಿ. ಭಾರತದ ಎಲ್ಲ ಮ್ಯೂಚುವಲ್ ಫಂಡ್‌ಗಳೂ ಸೇರಿ ವಿದೇಶಿ ಷೇರಿನಲ್ಲಿ ಹೂಡಲು 700 ಕೋಟಿ ಡಾಲರ್ ಮಿತಿ ಇತ್ತು, ವಿದೇಶಿ ಇಟಿಎಫ್‌ಗಳಿಗೆ ಬೇರೆ 100 ಕೋಟಿ. 2022ರ ಶುರುವಿನಲ್ಲಿ ಆ ಮಿತಿ ಹತ್ತಿರ ಬಂದು, ಹೊಸ ವಿದೇಶಿ ಹೂಡಿಕೆ ನಿಲ್ಲಿಸಿ ಅಂತ ಫಂಡ್ ಕಂಪನಿಗಳಿಗೆ ಸೂಚನೆ ಹೋಯಿತು. ಅದಾದ ಮೇಲೆ ಜಾಗ ಸಿಕ್ಕಾಗ ತೆರೆಯುವುದು, ತುಂಬಿದಾಗ ಮುಚ್ಚುವುದು ನಡೆದಿದೆ. ಕೆಲವು ಫಂಡ್‌ಗಳು ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಕಟ್ಟುವ ಕಂತು, ಮಾತ್ರ ತೆಗೆದುಕೊಂಡವು, ಕೆಲವು ದಿನಕ್ಕೆ ಇಷ್ಟೇ ಅಂತ ಮಿತಿ ಹಾಕಿದವು. ಹಾಗಾಗಿ ಕೊಳ್ಳುವ ವಾರವೇ ಫಂಡ್ ಕಂಪನಿಯ ಪ್ರಕಟಣೆ ಓದಿ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಎರಡನೇ ದಾರಿಯ ಫಂಡ್‌ಗಳು "ಶೇ. 35ರವರೆಗೆ ವಿದೇಶಿ" ಅಂತ ಹೇಳಿಕೊಂಡರೂ ಈ ಮಿತಿಯಿಂದಾಗಿ ನಿಜವಾದ ಪಾಲು ಅದಕ್ಕಿಂತ ಎಷ್ಟೋ ಕಮ್ಮಿ ಇರಬಹುದು. ಫ್ಯಾಕ್ಟ್‌ಶೀಟಿನಲ್ಲಿ ಈ ತಿಂಗಳು ಎಷ್ಟಿದೆ ಅಂತ ನೋಡಿ. ಇನ್ನೊಂದು, ನಮ್ಮ ಷೇರುಪೇಟೆಯಲ್ಲಿ ಸಿಗುವ ವಿದೇಶಿ ಇಟಿಎಫ್. ಹೊಸ ಯೂನಿಟ್ ಹುಟ್ಟಿಸಲು ಆಗದಿದ್ದಾಗ ಇರುವ ಯೂನಿಟ್‌ಗೇ ಕಿತ್ತಾಟವಾಗಿ ಬೆಲೆ ಅದರ ಎನ್‌ಎವಿಗಿಂತ, ಅಂದರೆ ಒಳಗಿರುವ ಷೇರುಗಳ ನಿಜ ಮೌಲ್ಯಕ್ಕಿಂತ, ಮೇಲೆ ಹೋಗುತ್ತದೆ. ಅಗ್ಗದ ಷೇರು ಹುಡುಕಿಕೊಂಡು ಹೊರಟವರು ನೂರು ರೂಪಾಯಿ ಸಾಮಾನಿಗೆ ನೂರಾಹತ್ತು ಕೊಟ್ಟರೆ ಏನು ಬಂತು? ಎನ್‌ಎವಿ ನೋಡದೆ ಇಟಿಎಫ್ ಕೊಳ್ಳಲೇಬೇಡಿ.

3. ಹೆಸರು ಬಿಟ್ಟು ಒಳಗೆ ನೋಡಿ

ನಮ್ಮಲ್ಲಿ ಸಿಗುವ ವಿದೇಶಿ ಫಂಡ್‌ಗಳಲ್ಲಿ ಹೆಚ್ಚಿನವು ಅಮೆರಿಕದ ಟೆಕ್ ಕಂಪನಿಗಳ ಕಡೆ ವಾಲಿರುವಂಥವು. ನಿಜವಾದ ವ್ಯಾಲ್ಯೂ ಫಂಡ್ ಕಮ್ಮಿ. ಆದ್ದರಿಂದ ಹೆಸರಿನಲ್ಲಿ "ವ್ಯಾಲ್ಯೂ" ಇದ್ದ ಮಾತ್ರಕ್ಕೆ ನಂಬಬೇಡಿ. ಫಂಡ್ ಆಫ್ ಫಂಡ್ಸ್ ಆಗಿದ್ದರೆ ಇಲ್ಲಿನ ಫ್ಯಾಕ್ಟ್‌ಶೀಟ್ ಸಾಲದು, ತಾಯಿ ಫಂಡ್‌ನ ಫ್ಯಾಕ್ಟ್‌ಶೀಟ್ ತೆಗೆಯಿರಿ. ಷೇರು ಆರಿಸುವವರು ಅಲ್ಲಿರುತ್ತಾರೆ.

ಅದರಲ್ಲಿ ನೋಡಬೇಕಾದ ಅಂಕಿಗಳು ಇವು:

ಪಿಇ: ಕಂಪನಿಯ ಒಂದು ರೂಪಾಯಿ ವಾರ್ಷಿಕ ಲಾಭಕ್ಕೆ ಎಷ್ಟು ರೂಪಾಯಿ ಕೊಡುತ್ತಿದ್ದೀರಿ ಅನ್ನುವ ಲೆಕ್ಕ.
ಪಿಬಿ: ಸಾಲ ಕಳೆದು ಕಂಪನಿಯ ಲೆಕ್ಕದಲ್ಲಿ ಉಳಿಯುವ ಒಂದು ರೂಪಾಯಿ ಆಸ್ತಿಗೆ ಎಷ್ಟು ಕೊಡುತ್ತಿದ್ದೀರಿ ಅಂತ.
ಡಿವಿಡೆಂಡ್ ಯೀಲ್ಡ್: ಬೆಲೆಯಲ್ಲಿ ನೂರಕ್ಕೆ ಎಷ್ಟು ವರ್ಷಕ್ಕೆ ಕೈಗೆ ಬರುತ್ತದೆ ಅಂತ.

ಈ ಮೂರನ್ನೂ ಅದೇ ಪ್ರದೇಶದ ಸಾಮಾನ್ಯ ಸೂಚ್ಯಂಕದ (ಆ ಮಾರುಕಟ್ಟೆಯ ಷೇರುಗಳ ಒಟ್ಟು ಏರಿಳಿತ ತೋರಿಸುವ ಅಳತೆಯ) ಪಕ್ಕ ಬರೆದುಕೊಳ್ಳಿ. ವ್ಯಾಲ್ಯೂ ಫಂಡ್ ಆಗಿದ್ದರೆ ಪಿಇ, ಪಿಬಿ ಎದ್ದು ಕಾಣುವಷ್ಟು ಕೆಳಗಿರಬೇಕು, ಯೀಲ್ಡ್ ಮೇಲಿರಬೇಕು. ಬ್ಯಾಂಕು, ವಿಮೆ, ಎಣ್ಣೆ, ಔಷಧಿ, ಕಾರು ತಯಾರಕರು ಜಾಸ್ತಿ ಕಾಣಿಸಿದರೆ ಸರಿ. ಮೊದಲ ಹತ್ತು ಷೇರುಗಳೂ ನಿಮ್ಮ ಫೋನಿನಲ್ಲಿರುವ ಆ್ಯಪ್‌ಗಳ ಕಂಪನಿಗಳೇ ಆಗಿದ್ದರೆ ಅದು ಬೇರೆ ಜಾತಿಯ ಫಂಡ್, ಮುಂದಕ್ಕೆ ಓದುವ ಅಗತ್ಯವಿಲ್ಲ.

ದೇಶಗಳ ಪಟ್ಟಿಯನ್ನೂ ನೋಡಿ. ಅಮೆರಿಕ ಬಿಟ್ಟು ಮುಂದುವರಿದ ದೇಶಗಳ ಫಂಡ್ ಅಂದರೆ ಸಾಮಾನ್ಯವಾಗಿ ಜಪಾನ್‌ದೇ ದೊಡ್ಡ ಪಾಲು, ಆಮೇಲೆ ಬ್ರಿಟನ್, ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್ ಬರುತ್ತವೆ.

4. ಅಗ್ಗ ಯಾಕೆ ಅಂತ ಕೇಳಿ

ಇದು ನಿಧಾನವಾಗಿ ಓದಬೇಕಾದ ಹಂತ. ಚೆರಿ ಮಾರುವಾಗ ನೀವು ಮೂಟೆ ಲೆಕ್ಕದಲ್ಲಿ ಸುಮ್ನೆ ದರ ಒಪ್ಪುವುದಿಲ್ಲ. ಔಟ್‌ಟರ್ನ್ ಎಷ್ಟು ಅಂತ ನೋಡುತ್ತೀರಿ. ಐವತ್ತು ಕೆಜಿ ಮೂಟೆಯಲ್ಲಿ 24 ಕೆಜಿ ಬೇಳೆ ಬರುತ್ತದೋ 27 ಬರುತ್ತದೋ ಅನ್ನುವುದರ ಮೇಲೆ ಆ ಮೂಟೆಯ ಬೆಲೆ. ಕೊಳ್ಳುವವನ ಕಡೆಯಿಂದ ನೋಡಿದರೆ, ಸೋವಿ ಸಿಕ್ಕಿತು ಅಂತ ಜೊಳ್ಳು ಮೂಟೆ ಹೊತ್ತೊಯ್ದವನಿಗೆ ನಷ್ಟವೇ. ಷೇರಿನಲ್ಲೂ ಹಾಗೆಯೇ. ಬೆಲೆ ಕಮ್ಮಿ ಇದ್ದು ಒಳಗೂ ಜೊಳ್ಳಾಗಿರುವ ಷೇರಿಗೆ ವ್ಯಾಲ್ಯೂ ಟ್ರ್ಯಾಪ್ ಅನ್ನುತ್ತಾರೆ. ನಮ್ಮ ಮಾತಲ್ಲಿ ಅಗ್ಗದ ಬಲೆ.

ಅತ್ಯಂತ ಕಹಿ ಉದಾಹರಣೆ ರಷ್ಯಾ. ಗ್ಯಾಜ್‌ಪ್ರಾಮ್, ಸ್ಬೆರ್‌ಬ್ಯಾಂಕ್‌ನಂಥ ಕಂಪನಿಗಳು ವರ್ಷಗಟ್ಟಲೆ ಬಹಳ ಕಮ್ಮಿ ಪಿಇಗೆ ಸಿಗುತ್ತಿದ್ದವು. ಲಾಭ ನಿಜವಾಗಿಯೂ ಇತ್ತು. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾಯಿತು. ಮಾರ್ಚ್‌ನಲ್ಲಿ ಎಂಎಸ್‌ಸಿಐ ಸಂಸ್ಥೆ ರಷ್ಯಾದ ಷೇರುಗಳನ್ನು ಹೆಚ್ಚುಕಮ್ಮಿ ಸೊನ್ನೆ ಬೆಲೆಗೆ ತನ್ನ ಸೂಚ್ಯಂಕಗಳಿಂದ ತೆಗೆದುಹಾಕಿತು. ವಿದೇಶಿ ಫಂಡ್‌ಗಳು ಆ ಷೇರು ಮಾರಲೂ ಆಗದೆ ಲೆಕ್ಕದಲ್ಲಿ ಅಳಿಸಬೇಕಾಯಿತು. ಅಗ್ಗವಾಗಿದ್ದಕ್ಕೆ ಕಾರಣ ಕಂಪನಿಯ ಒಳಗಿರಲಿಲ್ಲ, ಆ ದೇಶದ ಆಡಳಿತದಲ್ಲಿತ್ತು.

ಇನ್ನೊಂದು ಕಡೆ ಜಪಾನ್ ಇದೆ. ಅಲ್ಲಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರ್ ಕೊನೆಯಲ್ಲಿ 38,915 ಮುಟ್ಟಿತ್ತು. ಆಗ ಷೇರುಗಳು ವಿಪರೀತ ದುಬಾರಿ. ಆ ಮಟ್ಟವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿ 22ಕ್ಕೆ, 34 ವರ್ಷದ ಮೇಲೆ. ಕೊಟ್ಟ ಬೆಲೆ ಎಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಈ ನಡುವೆ ಎಷ್ಟೋ ಒಳ್ಳೆಯ ಜಪಾನಿ ಕಂಪನಿಗಳು ಆಸ್ತಿಗಿಂತ ಕಮ್ಮಿ ಬೆಲೆಗೆ ಬಿದ್ದಿದ್ದವು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಅವರ ಕಂಪನಿ ಅಲ್ಲಿನ ಐದು ದೊಡ್ಡ ವ್ಯಾಪಾರಿ ಸಂಸ್ಥೆಗಳಲ್ಲಿ ತಲಾ ಶೇ. 5ಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಕೊಂಡಿರುವುದಾಗಿ ಹೇಳಿತು. 2023ರ ಮಾರ್ಚ್‌ನಲ್ಲಿ ಟೋಕಿಯೊ ಷೇರುಪೇಟೆಯೇ ಕಂಪನಿಗಳಿಗೆ ಬಂಡವಾಳವನ್ನು ಚೆನ್ನಾಗಿ ದುಡಿಸುವ ಯೋಜನೆ ಕೊಡಿ ಅಂತ ಕೇಳಿತು, ಪಿಬಿ ಒಂದಕ್ಕಿಂತ ಕೆಳಗಿರುವವರ ಮೇಲೆ ವಿಶೇಷವಾಗಿ ಒತ್ತಡ ಬಿತ್ತು. ಇಲ್ಲಿ ಅಗ್ಗಕ್ಕೆ ಕಾರಣವೂ ಇತ್ತು, ಅದು ಸರಿಹೋಗುವ ದಾರಿಯೂ ಇತ್ತು.

ಹಾಗಾಗಿ ತಾಯಿ ಫಂಡ್‌ನ ಮ್ಯಾನೇಜರ್ ಬರೆಯುವ ಟಿಪ್ಪಣಿಗಳನ್ನು ಒಂದು ನಾಲ್ಕು ತ್ರೈಮಾಸಿಕದಷ್ಟು ಓದಿ. ಈ ಷೇರು ಯಾಕೆ ಅಗ್ಗ, ಏನಾದರೆ ಬೆಲೆ ಏರುತ್ತದೆ ಅಂತ ಅವರು ಸರಳವಾಗಿ ಹೇಳುತ್ತಾರಾ? ತಪ್ಪಾದ ಷೇರಿನ ಬಗ್ಗೆಯೂ ಬರೆಯುತ್ತಾರಾ? ಬರೀ ಮಾರುಕಟ್ಟೆ ಏರಿತು ಇಳಿಯಿತು ಅಂತಷ್ಟೇ ಇದ್ದರೆ ನನಗಂತೂ ನಂಬಿಕೆ ಬರುವುದಿಲ್ಲ. ಮ್ಯಾನೇಜರ್ ಎಷ್ಟು ವರ್ಷದಿಂದ ಇದ್ದಾರೆ ಅನ್ನುವುದನ್ನೂ ಬರೆದುಕೊಳ್ಳಿ. ಹೋದ ವರ್ಷ ಬಂದವರಾದರೆ ಹಿಂದಿನ ಹತ್ತು ವರ್ಷದ ಫಲಿತಾಂಶ ಅವರದ್ದಲ್ಲ.

5. ಕರೆನ್ಸಿ ಲೆಕ್ಕ ಬೇರೆ ಹಾಕಿ

"ವಿದೇಶಿ ಅಂದರೆ ಡಾಲರ್, ಡಾಲರ್ ಯಾವಾಗಲೂ ಏರುತ್ತದೆ" ಅನ್ನುವುದು ಅರ್ಧ ಸತ್ಯ. ಫಂಡ್ ಜಪಾನಿನಲ್ಲಿದ್ದರೆ ನಿಮಗೆ ಬೇಕಾದದ್ದು ಯೆನ್ ದರ. 2021ರ ಶುರುವಿನಲ್ಲಿ 100 ಯೆನ್‌ಗೆ ಸುಮಾರು 70 ರೂಪಾಯಿ ಇತ್ತು. 2024ರ ಮಧ್ಯಕ್ಕೆ ಸುಮಾರು 52 ರೂಪಾಯಿ. ಒಂದು ಷೇರಿಗೆ 10,000 ಯೆನ್ ಹಾಕಿದ್ದಿರಿ ಅಂದುಕೊಳ್ಳಿ, ಅಂದರೆ 7,000 ರೂಪಾಯಿ. ಷೇರು ಶೇ. 30 ಏರಿ 13,000 ಯೆನ್ ಆಯಿತು. ರೂಪಾಯಿಗೆ ತಂದರೆ 6,760. ಷೇರು ಗೆದ್ದಿದೆ, ನೀವು ಸೋತಿದ್ದೀರಿ.

ಫಂಡ್ ಡಾಲರಿನಲ್ಲಿ ಎನ್‌ಎವಿ ತೋರಿಸಿದರೂ ಒಳಗಿನ ಷೇರು ಯಾವ ಕರೆನ್ಸಿಯದ್ದೋ ಅದರದ್ದೇ ಏರಿಳಿತ ನಿಮಗೆ ತಟ್ಟುತ್ತದೆ. ಕರೆನ್ಸಿ ಏರಿಳಿತಕ್ಕೆ ತಡೆ ಹಾಕಿದ ಫಂಡ್‌ಗೆ ಹೆಡ್ಜ್ಡ್ ಅನ್ನುತ್ತಾರೆ. ನಿಮ್ಮದು ಯಾವುದು ಅಂತ ಎಸ್‌ಐಡಿಯಲ್ಲಿ ನೋಡಿ.

6. ಹಿಂದಿನ ಫಲಿತಾಂಶವನ್ನು ಸರಿಯಾಗಿ ಓದಿ

ಒಂದು ವರ್ಷದ ಫಸಲು ನೋಡಿ ಯಾರೂ ತೋಟ ಕೊಳ್ಳುವುದಿಲ್ಲ. ಒಂದು ವರ್ಷ ಗಿಡ ತುಂಬ ಹಿಡಿದರೆ ಮರುವರ್ಷ ಕಮ್ಮಿ ಅಂತ ನಮಗೆಲ್ಲ ಗೊತ್ತು. ಫಂಡ್ ವಿಷಯದಲ್ಲಿ ಮಾತ್ರ ಜನ ಒಂದು ವರ್ಷದ ಶೇಕಡಾ ನೋಡಿ ಹಣ ಹಾಕುತ್ತಾರೆ.

ವ್ಯಾಲ್ಯೂ ಷೇರುಗಳ ಫಸಲು ಇನ್ನೂ ನಿಧಾನ. ಸುಮಾರು 2007ರಿಂದ 2020ರವರೆಗೆ ವ್ಯಾಲ್ಯೂ ಷೇರುಗಳು ಗ್ರೋತ್ ಷೇರುಗಳಿಗಿಂತ ಹಿಂದೆ ಬಿದ್ದಿದ್ದವು. ಹದಿಮೂರು ವರ್ಷ ಕಾಯುವುದು ಅಂದರೆ ತಮಾಷೆಯಲ್ಲ. 2022ರಲ್ಲಿ ಗಾಳಿ ತಿರುಗಿತು. ಅಮೆರಿಕದ ರಸೆಲ್ 1000 ಗ್ರೋತ್ ಸೂಚ್ಯಂಕ ಸುಮಾರು ಶೇ. 29 ಬಿದ್ದಾಗ ರಸೆಲ್ 1000 ವ್ಯಾಲ್ಯೂ ಸೂಚ್ಯಂಕ ಬಿದ್ದದ್ದು ಸುಮಾರು ಶೇ. 7.5 ಮಾತ್ರ.

ಆದ್ದರಿಂದ ವರ್ಷ ವರ್ಷದ ಫಲಿತಾಂಶ ಬೇರೆ ಬೇರೆ ಬರೆದು, ಅದೇ ಪ್ರದೇಶದ ವ್ಯಾಲ್ಯೂ ಸೂಚ್ಯಂಕದ ಪಕ್ಕ ಇಡಿ. ಟೆಕ್ ಫಂಡ್ ಪಕ್ಕ ಇಟ್ಟರೆ ಅರ್ಥವಿಲ್ಲ. ಡಿವಿಡೆಂಡ್ ಸೇರಿಸಿದ ಸೂಚ್ಯಂಕವೇ ಆಗಿರಬೇಕು, ಅದನ್ನು ಟಿಆರ್‌ಐ ಅನ್ನುತ್ತಾರೆ. ಎರಡೂ ಒಂದೇ ಕರೆನ್ಸಿಯಲ್ಲಿರಬೇಕು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ ಮೋಸ ಹೋಗುವುದು ಇಲ್ಲೇ. ಫಂಡ್ ರೂಪಾಯಿಯಲ್ಲಿ ಶೇ. 11 ಕೊಟ್ಟಿದೆ, ಸೂಚ್ಯಂಕ ಡಾಲರಿನಲ್ಲಿ ಶೇ. 8 ಕೊಟ್ಟಿದೆ ಅಂದರೆ ಫಂಡ್ ಗೆದ್ದ ಹಾಗೆ ಕಾಣುತ್ತದೆ. ಆದರೆ ಆ ವರ್ಷ ಡಾಲರ್ ಶೇ. 4 ಏರಿದ್ದರೆ ಸೂಚ್ಯಂಕ ರೂಪಾಯಿಯಲ್ಲಿ ಶೇ. 12.3 ಆಯಿತು. ಫಂಡ್ ಸೋತಿದೆ.

7. ಖರ್ಚು

ಫಂಡ್ ಆಫ್ ಫಂಡ್ಸ್‌ನಲ್ಲಿ ಎರಡು ಕಡೆ ಖರ್ಚು ಹಿಡಿಯುತ್ತಾರೆ, ಇಲ್ಲಿನ ಫಂಡ್‌ನದ್ದು ಒಂದು, ತಾಯಿ ಫಂಡ್‌ನದ್ದು ಇನ್ನೊಂದು. ಕೂಡಿಸಿ ನೋಡಿ. ಆಮೇಲೆ ಡೈರೆಕ್ಟ್ ಪ್ಲಾನ್ (ಏಜೆಂಟರಿಲ್ಲದೆ ನೇರವಾಗಿ ಕೊಳ್ಳುವುದು) ಮತ್ತು ರೆಗ್ಯುಲರ್ ಪ್ಲಾನ್ ಎರಡನ್ನೂ ಹೋಲಿಸಿ. ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಸೇರಿರುತ್ತದೆ. ಡೈರೆಕ್ಟ್ ಪ್ಲಾನ್ 2013ರ ಜನವರಿ 1ರಿಂದಲೇ ಇದ್ದರೂ ನಮ್ಮ ಕಡೆ ಗೊತ್ತಿರುವವರು ಕಮ್ಮಿ. ಒಂದು ಲಕ್ಷ ರೂಪಾಯಿ ವರ್ಷಕ್ಕೆ ಶೇ. 10ರಂತೆ ಬೆಳೆದರೆ 15 ವರ್ಷಕ್ಕೆ 4,17,725 ಆಗುತ್ತದೆ. ಶೇ. 9ರಂತೆ ಆದರೆ 3,64,248. ಶೇ. 1ರ ವ್ಯತ್ಯಾಸಕ್ಕೆ 53 ಸಾವಿರಕ್ಕೂ ಜಾಸ್ತಿ ಹೋಯಿತು. ಏಜೆಂಟರು ನಿಮಗೆ ನಿಜವಾಗಿ ಸಲಹೆ ಕೊಡುತ್ತಿದ್ದರೆ, ಬಿದ್ದಾಗ ಧೈರ್ಯ ಹೇಳುತ್ತಿದ್ದರೆ ಆ ಹಣ ಕೊಡಿ, ತಪ್ಪಿಲ್ಲ. ಬರೀ ಫಾರಂ ತುಂಬಿ ಕೊಡುವುದಕ್ಕೆ ಅಷ್ಟು ಬೇಡ.

8. ತೆರಿಗೆ

ಕಾಫಿ ಹಣ ಕೃಷಿ ಆದಾಯವಾಗಿರಬಹುದು. ಆದರೆ ಆ ಹಣವನ್ನು ಫಂಡ್‌ನಲ್ಲಿ ಹಾಕಿ ಬಂದ ಲಾಭ ಕೃಷಿ ಆದಾಯವಲ್ಲ. ಇದನ್ನು ತಪ್ಪು ತಿಳಿದವರು ನಮ್ಮಲ್ಲಿ ತುಂಬ ಜನ ಇದ್ದಾರೆ.

ವಿದೇಶಿ ಷೇರುಗಳ ಫಂಡ್ ಆಫ್ ಫಂಡ್ಸ್ ಅನ್ನು 2025ರ ಏಪ್ರಿಲ್ 1ರ ನಂತರ ಮಾರಿದರೆ, 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡಿದ್ದರೆ ಲಾಭಕ್ಕೆ ಶೇ. 12.5 ಮತ್ತು ಸೆಸ್. 24 ತಿಂಗಳು ಮುಗಿಯುವ ಮುಂಚೆ ಮಾರಿದರೆ ನಿಮ್ಮ ಸ್ಲ್ಯಾಬ್ ದರ, ಅಂದರೆ ನಿಮ್ಮ ಆದಾಯಕ್ಕೆ ತಗಲುವ ತೆರಿಗೆ ದರ. ಭಾರತದ ಷೇರು ಫಂಡ್‌ಗಳಿಗೆ ಸಿಗುವ ವರ್ಷಕ್ಕೆ 1.25 ಲಕ್ಷದ ವಿನಾಯಿತಿ ಇದಕ್ಕೆ ಇಲ್ಲ. ಎರಡನೇ ದಾರಿಯ ಫಂಡ್ ಶೇ. 65ಕ್ಕಿಂತ ಕಮ್ಮಿಯಾಗದಂತೆ ಭಾರತದ ಷೇರು ಇಟ್ಟುಕೊಂಡಿದ್ದರೆ ಅದಕ್ಕೆ ಭಾರತದ ಷೇರು ಫಂಡ್‌ನ ನಿಯಮವೇ. ಮಾರುವ ಮುಂಚೆ ಆಡಿಟರ್ ಹತ್ತಿರ ಒಂದು ಸಲ ಕೇಳಿ, ಬಜೆಟ್‌ನಲ್ಲಿ ಇವು ಬದಲಾಗುತ್ತಿರುತ್ತವೆ.

9. ಎಷ್ಟು ಹಾಕುವುದು, ಯಾವಾಗ ಹೊರಬರುವುದು

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಮೂರು ವರ್ಷ ನಿಮ್ಮ ಒಟ್ಟು ಹೂಡಿಕೆಯಲ್ಲಿ ಶೇ. 10 ದಾಟಬೇಡಿ. ಕಾಫಿಯೇ ಮುಖ್ಯ ಆದಾಯವಾದರೆ ಅದಕ್ಕಿಂತಲೂ ಕಮ್ಮಿ ಸಾಕು. ಮಾರ್ಚ್‌ನಲ್ಲಿ ಒಟ್ಟಿಗೆ ಬಂದ ದುಡ್ಡನ್ನು ಒಂದೇ ದಿನ ಹಾಕದೆ ಹತ್ತು ಹನ್ನೆರಡು ತಿಂಗಳಿಗೆ ಹಂಚಿ ಹಾಕಿ. ಕೊಂಡ ದಿನವೇ ನೋಟ್‌ಬುಕ್‌ನಲ್ಲಿ ಯಾಕೆ ಕೊಂಡೆ ಅಂತ ನಾಲ್ಕು ಸಾಲು ಬರೆದಿಡಿ, ಆ ದಿನದ ಪಿಇ, ಪಿಬಿ ಸಮೇತ.

ವರ್ಷಕ್ಕೊಮ್ಮೆ ಆ ಪುಟ ತೆರೆಯಿರಿ. ಮ್ಯಾನೇಜರ್ ಬದಲಾಗಿದ್ದರೆ, ವ್ಯಾಲ್ಯೂ ಬಿಟ್ಟು ಓಡುತ್ತಿರುವ ಷೇರುಗಳ ಹಿಂದೆ ಹೋಗಿದ್ದರೆ, ಖರ್ಚು ಏರಿದ್ದರೆ, ಅಥವಾ ಐದು ವರ್ಷದಲ್ಲೂ ತನ್ನದೇ ವ್ಯಾಲ್ಯೂ ಸೂಚ್ಯಂಕಕ್ಕಿಂತ ಹಿಂದೆ ಬಿದ್ದಿದ್ದರೆ ಹೊರಬರುವ ಯೋಚನೆ ಮಾಡಿ. ಎನ್‌ಎವಿ ಬಿದ್ದಿದೆ ಅನ್ನುವುದೊಂದೇ ಕಾರಣಕ್ಕೆ ಬೇಡ.

ಹೊರಬರುವಾಗ ದಿನದ ಲೆಕ್ಕ ಇಟ್ಟುಕೊಳ್ಳಿ. ವಿದೇಶಿ ಫಂಡ್ ಮಾರಿದ ಹಣ ಖಾತೆಗೆ ಬರಲು ಇಲ್ಲಿನ ಷೇರು ಫಂಡ್‌ಗಿಂತ ಜಾಸ್ತಿ ದಿನ ಹಿಡಿಯುತ್ತದೆ, ಐದು ಕೆಲಸದ ದಿನದವರೆಗೂ ಆಗಬಹುದು, ನಡುವೆ ರಜೆ ಬಂದರೆ ಇನ್ನೂ ಒಂದೆರಡು. ಒಂದು ವರ್ಷದೊಳಗೆ ತೆಗೆದರೆ ಎಕ್ಸಿಟ್ ಲೋಡ್, ಅಂದರೆ ಹೊರಹೋಗುವ ಶುಲ್ಕ, ಇರಬಹುದು. ಹಣ್ಣು ಕೊಯ್ಲಿನ ಬಟವಾಡೆಗೆ ಈ ದುಡ್ಡನ್ನು ನೆಚ್ಚಿಕೊಳ್ಳಲೇಬಾರದು. ತೀರಾ ಅನಿವಾರ್ಯವಾದರೆ ಶನಿವಾರದ ಬಟವಾಡೆಗೆ ಅದೇ ವಾರದ ಬುಧವಾರ ಮಾರಿದರೆ ಆಗುವುದಿಲ್ಲ, ಎರಡು ವಾರ ಮೊದಲೇ ಅರ್ಜಿ ಹಾಕಿ.